ಹಿಂಬರಹವೂ ಮೇಲ್ಮನವಿಯೂ: ಅಂಗವೈಕಲ್ಯ ಮಾಸಾಶನದ ಹಕ್ಕಿನ ಚರಿತ್ರೆ

೧

ಕಾರ್ಕಳ ತಾಲೂಕಿನ ಬೆಳ್ಮಣ್ ಗ್ರಾಮದ ಹೆಸರನ್ನು ಕನ್ನಡ ಶಾಸನಗಳ ಅಭ್ಯಾಸಿಗಳೆಲ್ಲರೂ ಬಲ್ಲರು. ಆಳುಪ ದೊರೆ ಇಮ್ಮಡಿ ಆಳುವರಸನ ಕಾಲದ್ದೆಂದೂ ಕ್ರಿ. ಶ. ಎಂಟನೆಯ ಶತಮಾನಕ್ಕೆ ಸೇರಿದುದೆಂದೂ ವಿದ್ವಾಂಸರು ಎಣಿಸಿರುವ, ಜೋಡಿಮೀನಿನ ಲಾಂಛನವುಳ್ಳ ತಾಮ್ರಶಾಸನವು ಈ ಊರಿನದು. ಪೂರ್ಣಪ್ರಮಾಣದ ಕನ್ನಡ ತಾಮ್ರಶಾಸನಗಳಲ್ಲಿ ಅತಿ ಹಳೆಯದೆಂಬ ಕಾರಣದಿಂದ ಅದಕ್ಕೆ ಭಾಷಾಚರಿತ್ರೆಯಲ್ಲಿ ಒಂದು ಸ್ಥಾನವುಂಟು. ಆದರೆ ಪ್ರಸ್ತುತ ನಮ್ಮ ಗಮನಕ್ಕೆ ಬರಬೇಕಾದುದು ತಾಮ್ರಶಾಸನವೆಂಬ ಪದ್ಧತಿಯ ಒಂದು ಲಕ್ಷಣ. ಅರಸನು ಕೊಟ್ಟ ಮಾತಿನ ಪ್ರತಿ ಪಡೆದವನ ಕೈಯಲ್ಲಿ ಉಳಿಯುತ್ತಿತ್ತು. ಮುಂದೆ ಯಾರಾದರೂ ಅದನ್ನು ಅಲ್ಲಗಳೆದರೆ ತೋರಿಸಲು ಅವನಲ್ಲಿ ಒಂದು ಆಧಾರವಿತ್ತು.

ಇಂದು ಅದೇ ಊರಿನ ಒಬ್ಬ ಅಂಗವಿಕಲನು ಸರಕಾರದ ಮಾಸಾಶನಕ್ಕೆ ಅರ್ಜಿ ಸಲ್ಲಿಸಿ ಅದು ತಿರಸ್ಕೃತವಾದರೆ, ಅವನ ಕೈಗೆ ಬರುವ ಕಾಗದಕ್ಕೆ ಕಚೇರಿಯ ಭಾಷೆಯಲ್ಲಿ ‘ಹಿಂಬರಹ’ವೆಂದು ಹೆಸರು. ಅರ್ಜಿಯ ಹಿಂದೆ ಬರೆದುಕೊಡುವ ಉತ್ತರವೆಂಬುದು ಆ ಪದದ ಮೂಲಾರ್ಥ. ಬಹುಮಂದಿ ಅರ್ಜಿದಾರರು ಈ ಕಾಗದವನ್ನು ಕೊನೆಯ ಮಾತೆಂದು ತಿಳಿದು ಮನೆಗೆ ಮರಳುತ್ತಾರೆ. ವಸ್ತುತಃ ಅದು ಕೊನೆಯ ಮಾತಲ್ಲ; ಮೇಲ್ಮನವಿಯೆಂಬ ಇನ್ನೊಂದು ವ್ಯವಹಾರದ ಮೊದಲ ದಾಖಲೆ. ಸರಕಾರವು ‘ಇಲ್ಲ’ವೆಂದಾಗ ‘ಏಕೆ ಇಲ್ಲ’ವೆಂದು ಕೇಳುವ ಅಧಿಕಾರವು ಅಂಗವಿಕಲನಿಗೆ ಯಾವಾಗ, ಯಾವ ಮಾರ್ಗದಿಂದ, ಎಷ್ಟರಮಟ್ಟಿಗೆ ದೊರೆಯಿತೆಂಬುದನ್ನು ಕ್ರಮವಾಗಿ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ಸಹಾಯವು ಕೃಪೆಯಾಗಿದ್ದು ಹಕ್ಕಾಗುವುದು ಹಣ ಮಂಜೂರಾದ ದಿನವಲ್ಲ, ನಿರಾಕರಣೆಯನ್ನು ಪ್ರಶ್ನಿಸಲು ಸಾಧ್ಯವಾದ ದಿನ ಎಂಬುದು ನಮ್ಮ ಅಭಿಪ್ರಾಯ.

೨

೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಕರಾವಳಿಯು ಕುಂಪಣಿ ಸರಕಾರದ ಕೈಸೇರಿತು. ೧೮೬೨ರಲ್ಲಿ ಉತ್ತರಭಾಗವು ಮುಂಬಯಿ ಪ್ರಾಂತಕ್ಕೆ ಹೋದ ಮೇಲೆ, ದಕ್ಷಿಣ ಕನ್ನಡವು ಮದರಾಸು ಪ್ರಾಂತದ ಒಂದು ಜಿಲ್ಲೆಯಾಗಿ ಉಳಿಯಿತು. ಉತ್ತರದಲ್ಲಿ ಕುಂದಾಪುರದಿಂದ ದಕ್ಷಿಣದಲ್ಲಿ ಕಾಸರಗೋಡಿನವರೆಗೆ ಒಬ್ಬನೇ ಕಲೆಕ್ಟರನ ಆಡಳಿತ. ಮಂಗಳೂರು ಅದರ ಕೇಂದ್ರ. ಬೆಳ್ಮಣ್ಣಿನ ರೈತನಿಗೆ ಸರಕಾರವೆಂದರೆ ಊರಿನ ಪಟೇಲ, ಶ್ಯಾನುಭಾಗ. ಅವರ ಮೇಲೆ ತಹಶೀಲ್ದಾರ. ಎಲ್ಲರ ಮೇಲೆ ಕಲೆಕ್ಟರ.

ಆ ಕಾಲದಲ್ಲಿ ಸರಕಾರದಿಂದ ನಗದು ವೇತನ ಪಡೆಯುವ ಪದ್ಧತಿ ಇಲ್ಲದಿರಲಿಲ್ಲ. ದೇವಾಲಯಗಳಿಗೆ ತಸ್ದೀಕು, ಹಳೆಯ ಮನೆತನಗಳಿಗೆ ಪಿಂಚಣಿ, ನಿವೃತ್ತ ಸಿಪಾಯಿಗಳಿಗೆ ಮತ್ತು ನೌಕರರಿಗೆ ವೇತನ ಇವೆಲ್ಲವೂ ರೂಢಿಯಲ್ಲಿದ್ದವು. ಆದರೆ ಇವುಗಳ ಬಗೆಗೆ ತಕರಾರು ಬಂದರೆ ವಿಚಾರಿಸುವವರು ಯಾರು? ೧೮೭೧ರ ಪಿಂಚಣಿ ಕಾಯಿದೆಯು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿತು. ಅದರ ೪ನೆಯ ಕಲಮಿನ ಪ್ರಕಾರ, ಸರಕಾರವು ದಯಪಾಲಿಸಿದ ಪಿಂಚಣಿಯ ಕುರಿತಾದ ದಾವೆಯನ್ನು ಸಿವಿಲ್ ನ್ಯಾಯಾಲಯವು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಕೇಳಿಕೆಯೇನಿದ್ದರೂ ಕಲೆಕ್ಟರನ ಮುಂದೆ ಇಡಬೇಕು. ಆತನು ಪ್ರಮಾಣಪತ್ರ ಕೊಟ್ಟರೆ ಮಾತ್ರ ನ್ಯಾಯಾಲಯದ ಬಾಗಿಲು ತೆರೆಯುವುದು. ಕೊಡುವವನೇ ಮೇಲ್ಮನವಿಯ ಕೀಲಿಯನ್ನೂ ಇಟ್ಟುಕೊಂಡಿದ್ದನೆಂಬುದು ಈ ವ್ಯವಸ್ಥೆಯ ಸಾರ.

ಇಷ್ಟಾದರೂ ಇದು ಮಾನ್ಯರ, ನೌಕರರ ಮಾತಾಯಿತು. ಹುಟ್ಟುಕುರುಡನಿಗಾಗಲಿ, ಕಾಲು ಸ್ವಾಧೀನವಿಲ್ಲದವನಿಗಾಗಲಿ, ದುಡಿಯುವ ಪ್ರಾಯದಲ್ಲಿ ರೋಗಕ್ಕೆ ತುತ್ತಾದವನಿಗಾಗಲಿ ಯಾವ ಕಾಯಿದೆಯ ಆಸರೆಯೂ ಇರಲಿಲ್ಲ. ಬೆಳ್ಮಣ್ಣಿಗೆ ಸಮೀಪದ ನಂದಳಿಕೆಯಲ್ಲಿ ಹುಟ್ಟಿ, ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿ ದುಡಿದ ಕವಿ ಮುದ್ದಣನು ಕ್ಷಯರೋಗದಿಂದ ೧೯೦೧ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ತೀರಿಕೊಂಡನೆಂಬುದು ಸರ್ವವಿದಿತ. ದೇಹವೇ ಬಂಡವಾಳವಾದ ವೃತ್ತಿಯಲ್ಲಿದ್ದವನ ದೇಹ ಸೋತಾಗ ಆತುಕೊಳ್ಳಲು ಕುಟುಂಬ, ಮಠ, ಮಿಶನ್, ದಾನಿಗಳು ಇವರಲ್ಲದೆ ಬೇರೆ ದಿಕ್ಕಿಲ್ಲದ ಕಾಲವದು. ದಾನಿಯು ‘ಇಲ್ಲ’ವೆಂದರೆ ಅದರ ಮೇಲೆ ಅಪೀಲು ಇಲ್ಲ.

೩

ಈ ಸ್ಥಿತಿಯನ್ನು ಮೊದಲು ಕದಲಿಸಿದುದು ೧೯೨೩ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ. ಅದು ೧೯೨೪ರ ಜುಲೈ ೧ರಿಂದ ಜಾರಿಗೆ ಬಂದಿತು. ಇದರಲ್ಲಿ ಹಣ ಕೊಡಬೇಕಾದವನು ಸರಕಾರವಲ್ಲ, ಮಾಲಿಕ; ಆದರೂ ನಮ್ಮ ವಿಷಯಕ್ಕೆ ಅದು ಮೂರು ಕಾರಣಗಳಿಂದ ಮುಖ್ಯವಾದುದು. ಒಂದನೆಯದಾಗಿ, ಅಂಗಹಾನಿಯನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಪಟ್ಟಿಯು ಕಾಯಿದೆಗೆ ಅನುಬಂಧವಾಗಿ ಬಂದಿತು. ತೋಳು ಹೋದರೆ ಇಷ್ಟು, ಕಣ್ಣು ಹೋದರೆ ಇಷ್ಟು, ಹೆಬ್ಬೆರಳು ಹೋದರೆ ಇಷ್ಟು ಎಂದು ಗಳಿಕೆಯ ಶಕ್ತಿಯ ನಷ್ಟವನ್ನು ಅಂಕೆಯಲ್ಲಿ ಹೇಳಲಾಯಿತು. ಎರಡನೆಯದಾಗಿ, ತಕರಾರನ್ನು ತೀರ್ಮಾನಿಸಲು ಮಾಲಿಕನಿಂದ ಸ್ವತಂತ್ರನಾದ ಕಮಿಷನರನನ್ನು ನೇಮಿಸಲಾಯಿತು. ಮೂರನೆಯದಾಗಿ, ೩೦ನೆಯ ಕಲಮಿನ ಮೂಲಕ ಕಮಿಷನರನ ತೀರ್ಪಿನ ಮೇಲೆ ಉಚ್ಚ ನ್ಯಾಯಾಲಯಕ್ಕೆ ಅರುವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಅವಕಾಶ ದೊರೆಯಿತು. ಅದು ಕಾನೂನಿನ ಮಹತ್ವದ ಪ್ರಶ್ನೆಗೆ ಮಾತ್ರ ಸೀಮಿತವಾಗಿತ್ತೆಂಬುದು ನಿಜ. ಆದರೆ ಮಾಲಿಕನು ಮೇಲ್ಮನವಿ ಹೂಡುವುದಾದರೆ ಪರಿಹಾರದ ಹಣವನ್ನು ಮೊದಲೇ ಠೇವಣಿ ಇಡಬೇಕೆಂಬ ನಿಯಮವೂ ಸೇರಿತು. ಮೇಲ್ಮನವಿಯು ಬಡವನನ್ನು ದಣಿಸುವ ಸಾಧನವಾಗಬಾರದೆಂಬ ಎಚ್ಚರವು ಇದರಲ್ಲಿ ಕಾಣುತ್ತದೆ.

೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ವಿಮೆ ಪಡೆದ ಕಾರ್ಮಿಕನ ಶಾಶ್ವತ ಅಂಗವೈಕಲ್ಯವನ್ನು ವೈದ್ಯಕೀಯ ಮಂಡಳಿಯು ನಿರ್ಣಯಿಸುವುದು. ಅದರಿಂದ ಅಸಮಾಧಾನಗೊಂಡವನು ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗುವುದು ಎಂಬ ಸೋಪಾನವು ಈ ಕಾಯಿದೆ ಮತ್ತು ಅದರ ತಿದ್ದುಪಡಿಗಳಿಂದ ಏರ್ಪಟ್ಟಿತು. ವೈದ್ಯರ ಮಾತನ್ನೂ ಪ್ರಶ್ನಿಸಬಹುದೆಂಬ ತತ್ತ್ವಕ್ಕೆ ಇಲ್ಲಿ ಮನ್ನಣೆ ದೊರೆಯಿತು. ೧೯೨೩ ಮತ್ತು ೧೯೪೮ರ ಈ ಎರಡು ಕಾಯಿದೆಗಳೂ ಮುಂದೆ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವಿಲೀನವಾದವು. ಆದರೆ ತತ್ತ್ವವು ಉಳಿದಿದೆ.

ಈ ಏರ್ಪಾಡಿನ ಮಿತಿಯನ್ನೂ ಗಮನಿಸಬೇಕು. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವನು ಕಾಯಿದೆಯ ರಕ್ಷಣೆಗೆ ಒಳಪಟ್ಟನು. ಅವನ ತಮ್ಮನು ಬೆಳ್ಮಣ್ಣಿನ ಮನೆಯಲ್ಲಿ ಹುಟ್ಟಿನಿಂದಲೇ ಕೈ ಬಾರದವನಾಗಿದ್ದರೆ ಅವನು ಹೊರಗುಳಿದನು. ಗದ್ದೆಯಲ್ಲಿ ಗೇಯುತ್ತಿದ್ದ ಸಾಮಾನ್ಯ ಕೂಲಿಯಾಳೂ ೧೯೨೩ರ ಮೂಲ ಪಾಠದ ವ್ಯಾಪ್ತಿಗೆ ಹೊರಗು. ಒಬ್ಬನ ಅಂಗಹಾನಿಗೆ ಉಚ್ಚ ನ್ಯಾಯಾಲಯದವರೆಗೆ ದಾರಿ. ಇನ್ನೊಬ್ಬನದಕ್ಕೆ ಅರ್ಜಿ ಬರೆಯಲು ವಿಳಾಸವೂ ಇಲ್ಲ.

೪

ಈ ಭೇದವು ಸಂವಿಧಾನದಲ್ಲಿಯೂ ಒಂದು ಬಗೆಯಲ್ಲಿ ಉಳಿದುಕೊಂಡಿತು. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯ ಈ ಸಂದರ್ಭಗಳಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನು ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಏರ್ಪಡಿಸಬೇಕೆಂದು ೪೧ನೆಯ ಅನುಚ್ಛೇದವು ವಿಧಿಸುತ್ತದೆ. ಆದರೆ ಅದು ನಿರ್ದೇಶಕ ತತ್ತ್ವ. ಅದನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸುವಂತಿಲ್ಲವೆಂದು ೩೭ನೆಯ ಅನುಚ್ಛೇದವು ತಿಳಿಸುತ್ತದೆ. ಏಳನೆಯ ಅನುಸೂಚಿಯಲ್ಲಿ ಕಾರ್ಮಿಕರ ನಷ್ಟಪರಿಹಾರವೂ ಅಶಕ್ತತೆಯ ಪಿಂಚಣಿಯೂ ಸಮವರ್ತಿ ಪಟ್ಟಿಗೆ ಸೇರಿದರೆ, ‘ಅಂಗವಿಕಲರ ಮತ್ತು ಉದ್ಯೋಗಕ್ಕೆ ಅಶಕ್ತರಾದವರ ಪರಿಹಾರ’ವು ರಾಜ್ಯ ಪಟ್ಟಿಯ ೯ನೆಯ ನಮೂದಾಗಿ ನಿಂತಿತು. ದುಡಿಮೆಯಲ್ಲಿ ಅಂಗ ಕಳೆದುಕೊಂಡವನಿಗೆ ಶಾಸನಸಭೆಯ ಕಾಯಿದೆ. ಉಳಿದವನಿಗೆ ರಾಜ್ಯ ಸರಕಾರದ ಆದೇಶ. ಕಾಯಿದೆಯು ಮೇಲ್ಮನವಿಯನ್ನು ತನ್ನೊಡನೆಯೇ ತರುತ್ತದೆ; ಆದೇಶವು ಹಾಗೆ ತರಬೇಕೆಂಬ ನಿರ್ಬಂಧವಿಲ್ಲ.

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಬೆಳ್ಮಣ್ಣಿನ ಕಕ್ಷಿಗಾರನಿಗೆ ಉಚ್ಚ ನ್ಯಾಯಾಲಯವು ಮದರಾಸಿನಿಂದ ಬೆಂಗಳೂರಿಗೆ ಬಂದಿತು. ರಾಜ್ಯದಲ್ಲಿ ಮೊದಲು ವೃದ್ಧಾಪ್ಯ ವೇತನವೂ, ೧೯೭೦ರ ದಶಕದ ಕೊನೆಯ ಹೊತ್ತಿಗೆ ಅಂಗವಿಕಲರ ಮಾಸಾಶನವೂ ಆರಂಭಗೊಂಡವು. ಇವುಗಳನ್ನು ಮಂಜೂರು ಮಾಡುವ ಅಧಿಕಾರವು ಸಹಜವಾಗಿಯೇ ಕಂದಾಯ ಇಲಾಖೆಗೆ ಬಂದಿತು. ಏಕೆಂದರೆ ಹಳ್ಳಿಯಲ್ಲಿ ಯಾರು ಬಡವರು, ಯಾರ ಪ್ರಾಯವೆಷ್ಟು, ಯಾರ ವಾಸವೆಲ್ಲಿ ಎಂಬುದರ ಲೆಕ್ಕವಿದ್ದುದು ಆ ಇಲಾಖೆಯಲ್ಲಿಯೇ. ೨೦೦೯ರಲ್ಲಿ ಕೇಂದ್ರ ಸರಕಾರದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯು ಬಂದಾಗ, ಬಡತನದ ರೇಖೆಗಿಂತ ಕೆಳಗಿದ್ದು ಶೇಕಡಾ ೮೦ ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಮಾತ್ರ ಅದು ಅನ್ವಯಿಸಿತು.

ಈ ನಡುವೆ ೧೯೯೫ರ ಅಂಗವಿಕಲರ ಕಾಯಿದೆಯು ಶೇಕಡಾ ೪೦ರ ಗೆರೆಯನ್ನು ಎಳೆಯಿತು. ೧೯೨೩ರ ಅನುಬಂಧದಲ್ಲಿ ಪರಿಹಾರದ ಮೊಬಲಗನ್ನು ಏರಿಳಿಸಲು ಬಳಕೆಯಾಗುತ್ತಿದ್ದ ಶೇಕಡಾ ಅಂಕೆಯು ಈಗ ಬಾಗಿಲಾಯಿತು. ಪರಿಹಾರದ ಲೆಕ್ಕದಲ್ಲಿ ೩೯ಕ್ಕೂ ೪೦ಕ್ಕೂ ಇದ್ದುದು ಒಂದು ಅಂಶದ ಅಂತರ. ಮಾಸಾಶನದ ಲೆಕ್ಕದಲ್ಲಿ ಅದು ಉಂಟು ಇಲ್ಲಗಳ ಅಂತರ. ನಮ್ಮ ರಾಜ್ಯದಲ್ಲಿ ಶೇಕಡಾ ೭೫ರ ಇನ್ನೊಂದು ಗೆರೆಯೂ ಇದ್ದು, ಅದನ್ನು ದಾಟಿದವರಿಗೆ ಹೆಚ್ಚಿನ ದರ ಸಲ್ಲುತ್ತದೆ. ಒಂದು ಕುಟುಂಬದ ತಿಂಗಳ ಅಕ್ಕಿಯು ವೈದ್ಯನ ಲೇಖನಿಯು ಬರೆಯುವ ಒಂದು ಅಂಕೆಯನ್ನು ಅವಲಂಬಿಸಿತು. ಆದುದರಿಂದಲೇ ಆ ಅಂಕೆಯ ಮೇಲೆ ಮೇಲ್ಮನವಿಯುಂಟೇ ಎಂಬ ಪ್ರಶ್ನೆಯು ಹಿಂದೆಂದಿಗಿಂತ ಗಂಭೀರವಾಯಿತು.

೫

ಈ ಪ್ರಶ್ನೆಗೆ ಕಾಯಿದೆಯ ಪಾಠದಲ್ಲಿಯೇ ಉತ್ತರ ದೊರೆತುದು ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಲ್ಲಿ. ೨೦೧೭ರ ಏಪ್ರಿಲ್ ೧೯ರಂದು ಜಾರಿಗೆ ಬಂದ ಈ ಕಾಯಿದೆಯು, ಹಿಂದೆ ಏಳು ಬಗೆಯಾಗಿದ್ದ ವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಇತರರಿಗಿರುವ ಸಮಾನ ಯೋಜನೆಗಳಿಗಿಂತ ಅಂಗವಿಕಲರ ನೆರವು ಕನಿಷ್ಠ ಶೇಕಡಾ ೨೫ರಷ್ಟು ಹೆಚ್ಚಿರಬೇಕೆಂದು ೨೪ನೆಯ ಕಲಮಿನಲ್ಲಿ ವಿಧಿಸಿತು. ಪ್ರಮಾಣಪತ್ರ ಕೊಡುವ ಅಧಿಕಾರಿಯ ತೀರ್ಮಾನದಿಂದ ಬಾಧಿತನಾದ ಯಾವನೇ ಆಗಲಿ ರಾಜ್ಯ ಸರಕಾರವು ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದೆಂದು ೫೯ನೆಯ ಕಲಮಿನಲ್ಲಿ ಹೇಳಿತು. ಪ್ರಮಾಣಪತ್ರಕ್ಕೆ ಅರ್ಹನಲ್ಲವೆಂದು ಕಂಡರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ೨೦೧೭ರ ನಿಯಮಗಳು ಗೊತ್ತುಮಾಡಿದವು.

ಇದರಿಂದ ಇಂದಿನ ನಿರಾಕರಣೆಯಲ್ಲಿ ಎರಡು ಬಗೆಗಳಿರುವುದು ಸ್ಪಷ್ಟವಾಗುತ್ತದೆ. ಮೊದಲನೆಯದು ವೈದ್ಯಕೀಯವಾದುದು: ವೈಕಲ್ಯವೇ ಇಲ್ಲ, ಅಥವಾ ಗೆರೆಗಿಂತ ಕಡಿಮೆ ಎಂಬ ತೀರ್ಮಾನ. ಎರಡನೆಯದು ಕಂದಾಯದ ಕಡೆಯದು: ವೈಕಲ್ಯ ನಿಜ, ಆದರೆ ಆದಾಯ ಮಿತಿ ಮೀರಿದೆ, ವಾಸದ ದಾಖಲೆ ಸಾಲದು, ಬೇರೊಂದು ಪಿಂಚಣಿ ಬರುತ್ತಿದೆ ಎಂಬ ತೀರ್ಮಾನ. ಮೊದಲನೆಯದಕ್ಕೆ ೫೯ನೆಯ ಕಲಮಿನ ದಾರಿ. ಎರಡನೆಯದಕ್ಕೆ ತಹಶೀಲ್ದಾರರ ಮೇಲಿನ ಕಂದಾಯಾಧಿಕಾರಿಯ ದಾರಿ. ಶೇಕಡಾ ಅಂಕೆಯು ತಪ್ಪೆಂದು ಕಂದಾಯಾಧಿಕಾರಿಯಲ್ಲಿ ವಾದಿಸಿದರೆ ಅವರು ಅದನ್ನು ತಿದ್ದಲಾರರು. ಆದಾಯದ ಲೆಕ್ಕ ತಪ್ಪೆಂದು ವೈದ್ಯಕೀಯ ಪ್ರಾಧಿಕಾರದಲ್ಲಿ ಹೇಳಿದರೆ ಅದು ಅವರಿಗೆ ಸಂಬಂಧಿಸಿದುದಲ್ಲ. ತಪ್ಪು ಬಾಗಿಲು ತಟ್ಟಿದವನ ಮನವಿಯಲ್ಲಿ ಸತ್ಯವಿದ್ದರೂ ಕಾಲಾವಧಿಯು ಕಳೆದುಹೋಗುತ್ತದೆ. ಆದುದರಿಂದ ಹಿಂಬರಹ ಕೈಗೆ ಬಂದೊಡನೆ ಮಾಡಬೇಕಾದ ಮೊದಲ ಕಾರ್ಯವು ಅದರಲ್ಲಿ ಬರೆದ ಕಾರಣವು ಯಾವ ಬಗೆಯದೆಂದು ಓದುವುದು. ಕಾರಣವನ್ನೇ ಬರೆಯದ ಹಿಂಬರಹವಾದರೆ ಆ ಲೋಪವೇ ಮೇಲ್ಮನವಿಗೆ ಒಂದು ಆಧಾರ. ಆಡಳಿತಾಧಿಕಾರಿಗಳು ತಮ್ಮ ತೀರ್ಮಾನಕ್ಕೆ ಸಾಮಾನ್ಯವಾಗಿ ಕಾರಣ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಎಸ್. ಎನ್. ಮುಖರ್ಜಿ ಪ್ರಕರಣದಲ್ಲಿ ೧೯೯೦ರಷ್ಟು ಹಿಂದೆಯೇ ಹೇಳಿದೆ.

ದಾರಿ ಗೊತ್ತಾದ ಮಾತ್ರಕ್ಕೆ ಅದನ್ನು ನಡೆಯುವುದು ಸುಲಭವೆಂದಲ್ಲ. ೧೯೯೭ರಲ್ಲಿ ಉಡುಪಿ ಜಿಲ್ಲೆಯಾಗುವ ತನಕ ಬೆಳ್ಮಣ್ಣಿನವನಿಗೆ ಜಿಲ್ಲಾ ಕಚೇರಿಯೂ ದೊಡ್ಡಾಸ್ಪತ್ರೆಯೂ ಮಂಗಳೂರಿನಲ್ಲಿದ್ದವು. ಈಗ ಜಿಲ್ಲಾಸ್ಪತ್ರೆಯು ಉಡುಪಿಯ ಅಜ್ಜರಕಾಡಿನಲ್ಲಿದೆ, ತಹಶೀಲ್ದಾರರು ಕಾರ್ಕಳದಲ್ಲಿ, ಉಪವಿಭಾಗಾಧಿಕಾರಿಗಳು ಕುಂದಾಪುರದಲ್ಲಿ. ನಡೆಯಲಾರದವನು ತಾನು ನಡೆಯಲಾರೆನೆಂದು ಸಾಧಿಸುವುದಕ್ಕಾಗಿ ಈ ಮೂರೂ ದಿಕ್ಕಿಗೆ ಹೋಗಬೇಕಾಗಿ ಬರುವುದು ಈ ವ್ಯವಸ್ಥೆಯ ವಿಪರ್ಯಾಸ. ಅವನ ನೆರವಿಗೆ ಮೂರು ಸಾಧನಗಳುಂಟು. ೨೦೧೧ರ ಕರ್ನಾಟಕದ ‘ಸಕಾಲ’ ಕಾಯಿದೆಯು ಅರ್ಜಿಯನ್ನು ಗೊತ್ತಾದ ಅವಧಿಯಲ್ಲಿ ವಿಲೇವಾರಿ ಮಾಡದ ಅಧಿಕಾರಿಯ ಮೇಲೆ ಮೇಲ್ಮನವಿಗೂ, ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗಿನ ಪರಿಹಾರಕ್ಕೂ ಅವಕಾಶ ಕೊಟ್ಟಿತು. ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಮೂಲಕ ತನ್ನ ಕಡತದ ಟಿಪ್ಪಣಿಗಳ ಪ್ರತಿಯನ್ನು ಕೇಳಬಹುದು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ೧೨ನೆಯ ಕಲಮು ಅಂಗವಿಕಲ ವ್ಯಕ್ತಿಯನ್ನು ಉಚಿತ ಕಾನೂನು ನೆರವಿಗೆ ಅರ್ಹನೆಂದು ಹೆಸರಿಸಿದೆ. ಇವೆಲ್ಲವೂ ಸಾಲದೆ ಹೋದರೆ ಸಂವಿಧಾನದ ೨೨೬ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವಿದೆ.

೬

ಇತರ ದೇಶಗಳಲ್ಲಿಯೂ ಈ ಹಕ್ಕು ತಾನಾಗಿ ಬಂದುದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರ ಪಿಂಚಣಿಯ ಮೇಲಿನ ಮೇಲ್ಮನವಿಗೆ ಆ ದೇಶವು ೧೯೧೯ರಲ್ಲಿ ಶಾಸನಬದ್ಧ ನ್ಯಾಯಮಂಡಳಿಗಳನ್ನು ಸ್ಥಾಪಿಸಿತು. ಅವುಗಳಲ್ಲಿ ನ್ಯಾಯವಾದಿ ಮತ್ತು ವೈದ್ಯರ ಜತೆಗೆ ಯುದ್ಧದಲ್ಲಿ ಅಂಗವಿಕಲನಾದವನೊಬ್ಬನೂ ಕೂರುತ್ತಿದ್ದುದು ವಿಚಾರಾರ್ಹ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೭೦ರಲ್ಲಿ, ಬಡವರ ನೆರವನ್ನು ನಿಲ್ಲಿಸುವ ಮೊದಲೇ ವಿಚಾರಣೆ ನಡೆಯಬೇಕೆಂದಿತು. ೧೯೭೬ರಲ್ಲಿ ಅದೇ ನ್ಯಾಯಾಲಯವು, ಅಂಗವೈಕಲ್ಯ ವೇತನದ ಮಟ್ಟಿಗೆ ನಿಲ್ಲಿಸಿದ ಬಳಿಕ ವಿಚಾರಣೆ ನಡೆದರೂ ಸಾಕೆಂದಿತು. ವಿಚಾರಣೆ ಮುಗಿಯುವವರೆಗೆ ಹಸಿದಿರಬೇಕಾದವನು ಯಾರೆಂಬುದೇ ಈ ಎರಡು ತೀರ್ಪುಗಳ ನಡುವಣ ಪ್ರಶ್ನೆ.

ಭಾರತದಲ್ಲಿ ೧೯೭೧ರ ದೇವಕೀನಂದನ ಪ್ರಸಾದ ಪ್ರಕರಣವೂ ೧೯೮೨ರ ನಕಾರಾ ಪ್ರಕರಣವೂ ನೌಕರರ ನಿವೃತ್ತಿವೇತನವು ಸರಕಾರದ ಔದಾರ್ಯವಲ್ಲವೆಂದು ಸಾರಿ, ೧೮೭೧ರ ಮನೋಧರ್ಮಕ್ಕೆ ತೆರೆ ಎಳೆದವು. ಅಂಗವೈಕಲ್ಯದ ಬಗೆಗೆ ಮುಖ್ಯವಾದುದು ೨೦೧೩ರ ಧರಂವೀರ್ ಸಿಂಗ್ ಪ್ರಕರಣ. ೧೯೮೫ರಲ್ಲಿ ಸೈನ್ಯವನ್ನು ಸೇರಿ, ೧೯೯೪ರಲ್ಲಿ ಅಪಸ್ಮಾರದಂತಹ ಕಾಯಿಲೆಯಿಂದ ಶೇಕಡಾ ೨೦ರ ವೈಕಲ್ಯದೊಡನೆ ಬಿಡುಗಡೆ ಹೊಂದಿದ ಸೈನಿಕನಿಗೆ, ಆ ಕಾಯಿಲೆಯು ಸೇವೆಯಿಂದ ಬಂದುದಲ್ಲವೆಂಬ ಕಾರಣದಿಂದ ಅಂಗವೈಕಲ್ಯ ಪಿಂಚಣಿಯನ್ನು ನಿರಾಕರಿಸಲಾಗಿತ್ತು. ಸೇರುವಾಗ ರೋಗದ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಲ್ಲಿ ಬಂದುದೆಂದು ಭಾವಿಸಬೇಕು. ಹಾಗಲ್ಲವೆಂದು ಸಾಧಿಸುವ ಹೊಣೆ ಮಾಲಿಕನದು. ಸಂಶಯದ ಲಾಭವು ಸೈನಿಕನಿಗೆ ಸಲ್ಲಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ರುಜುವಾತಿನ ಭಾರವನ್ನು ಯಾರು ಹೊರಬೇಕೆಂಬುದೇ ಬಹುತೇಕ ಮೇಲ್ಮನವಿಗಳ ಜೀವಾಳವೆಂಬುದು ಇದರಿಂದ ವೇದ್ಯವಾಗುತ್ತದೆ.

೭

ಈ ಭಾರದ ಅರಿವು ನಮ್ಮ ಹಳೆಯ ಜಿಲ್ಲೆಯ ದಕ್ಷಿಣದ ತುದಿಯಲ್ಲಿ ಅತ್ಯಂತ ಕಠೋರವಾಗಿ ಆಯಿತು. ೧೯೫೬ರವರೆಗೆ ಬೆಳ್ಮಣ್ಣಿನೊಡನೆ ಒಂದೇ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ, ಕೇರಳ ಪ್ಲಾಂಟೇಶನ್ ನಿಗಮದ ಗೇರುತೋಟಗಳ ಮೇಲೆ ೧೯೭೦ರ ದಶಕದಿಂದ ೨೦೦೦ದವರೆಗೆ ಆಕಾಶಮಾರ್ಗವಾಗಿ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ, ತುಳು ಮಾತಾಡುವ ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಗ್ರಾಮಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ ಮೊದಲಾದ ಬಾಧೆಗಳಿಗೆ ಈಡಾದ ಮಕ್ಕಳ ಸಂಗತಿಯನ್ನು ಸ್ಥಳೀಯ ವೈದ್ಯ ವೈ. ಎಸ್. ಮೋಹನಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಹೊರಲೋಕಕ್ಕೆ ತಿಳಿಸಿದರು. ನಮ್ಮ ಕಡೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಲ್ಲಿಯೂ ಇದೇ ಕಥೆ.

ಇಲ್ಲಿ ನಿರಾಕರಣೆಯ ರೂಪವು ಹಿಂಬರಹವಲ್ಲ, ಪಟ್ಟಿ. ವೈದ್ಯಕೀಯ ಶಿಬಿರದಲ್ಲಿ ಪರೀಕ್ಷೆ ನಡೆದು, ಬಾಧಿತರ ಪಟ್ಟಿಯಲ್ಲಿ ಹೆಸರು ಬಂದವರಿಗೆ ನೆರವು, ಬಾರದವರಿಗೆ ಇಲ್ಲ. ಪಟ್ಟಿಯಿಂದ ಹೊರಗುಳಿದ ಮಕ್ಕಳ ತಾಯಂದಿರು ೨೦೧೯ರ ಆರಂಭದಲ್ಲಿ ತಿರುವನಂತಪುರದ ಸಚಿವಾಲಯದ ಮುಂದೆ ಧರಣಿ ಕುಳಿತುದು ಚರಿತ್ರಕಾರನು ಮರೆಯಬಾರದ ಘಟನೆ. ಪಟ್ಟಿಗೆ ಸರಿಯಾದ ಮೇಲ್ಮನವಿಯ ಕ್ರಮವಿಲ್ಲದಲ್ಲಿ ಬೀದಿಯೇ ಮೇಲ್ಮನವಿಯ ಸ್ಥಾನವಾಗುತ್ತದೆ.

ಪಟ್ಟಿಯಲ್ಲಿದ್ದವರ ಪಾಡಾದರೂ ಏನು? ಪ್ರತಿಯೊಬ್ಬ ಬಾಧಿತನಿಗೂ ಮೂರು ತಿಂಗಳೊಳಗೆ ೫ ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರ ಜನವರಿ ೧೦ರಂದು ಆದೇಶಿಸಿತು. ಐದು ವರ್ಷಗಳಾದರೂ ಅದು ಜಾರಿಯಾಗದಿದ್ದಾಗ ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿಯೊಡನೆ ಮತ್ತೆ ನ್ಯಾಯಾಲಯಕ್ಕೆ ಹೋದರು. ೨೦೨೨ರ ಮೇ ೧೩ರ ಆದೇಶದಲ್ಲಿ ಕಂಡುಬಂದ ಸಂಗತಿ ಇದು: ಬಾಧಿತರ ಸಂಖ್ಯೆ ೩,೭೦೪, ಹಣ ದೊರೆತುದು ಅರ್ಜಿ ಹಾಕಿದ ಆ ಎಂಟು ಮಂದಿಗೆ. ನ್ಯಾಯಾಲಯವು ಇದನ್ನು ತೀವ್ರವಾಗಿ ಆಕ್ಷೇಪಿಸಿ, ಆ ಎಂಟು ಮಂದಿಗೆ ತಲಾ ೫೦,೦೦೦ ರೂಪಾಯಿ ಖರ್ಚನ್ನು ಕೊಡಿಸಿತು; ಉಳಿದವರಿಗೂ ಪರಿಹಾರ ಮುಟ್ಟಿಸುವಂತೆ ನಿರ್ದೇಶಿಸಿತು.

ಈ ಎರಡು ಸಂಖ್ಯೆಗಳು ನಮ್ಮ ಇಡೀ ವಿಷಯದ ಸಾರವನ್ನು ಹೇಳುತ್ತವೆ. ಮೇಲ್ಮನವಿಯು ಫಲಕಾರಿಯೆಂಬುದಕ್ಕೆ ಎಂಟು ಮಂದಿ ಸಾಕ್ಷಿ. ಮೇಲ್ಮನವಿಯೊಂದನ್ನೇ ನೆಚ್ಚಿದ ವ್ಯವಸ್ಥೆಯು ಸಾಲದೆಂಬುದಕ್ಕೆ ಉಳಿದ ಸಾವಿರಾರು ಮಂದಿ ಸ್ವತಃ ಸಾಕ್ಷಿ. ಕೇಳಿದವನಿಗೆ ಮಾತ್ರ ಕೊಡುವ ಸರಕಾರವು ಹಕ್ಕನ್ನು ಮತ್ತೆ ಕೃಪೆಯ ಕಡೆಗೆ ತಿರುಗಿಸುತ್ತದೆ. ಏಕೆಂದರೆ ಹಾಸಿಗೆ ಹಿಡಿದವನು, ಮಾತು ಬಾರದವನು, ಬುದ್ಧಿ ಬೆಳೆಯದ ಮಗುವಿನ ತಾಯಿ ಇವರೇ ಕೇಳಲು ಎಲ್ಲರಿಗಿಂತ ಕಡಿಮೆ ಅನುಕೂಲವುಳ್ಳವರು.

೮

ಒಟ್ಟಿನಲ್ಲಿ, ೧೮೭೧ರಲ್ಲಿ ಕಲೆಕ್ಟರನ ಕೈಯಲ್ಲಿದ್ದ ಕೀಲಿಯು ೧೯೨೩ರಲ್ಲಿ ಕಾರ್ಮಿಕನಿಗೂ, ೨೦೧೬ರಲ್ಲಿ ಅಂಗವಿಕಲರೆಲ್ಲರಿಗೂ, ಕಾಗದದ ಮೇಲಾದರೂ, ದೊರೆಯಿತು. ನಡುವಣ ತೊಂಬತ್ತಮೂರು ವರ್ಷಗಳ ಅಂತರವು ಆಕಸ್ಮಿಕವಲ್ಲ. ದುಡಿಯುತ್ತಿದ್ದವನ ನಷ್ಟವನ್ನು ಸಾಲವೆಂದೂ, ದುಡಿಯಲಾರದವನ ಕಷ್ಟವನ್ನು ಭಿಕ್ಷೆಯೆಂದೂ ಎಣಿಸಿದ ದೃಷ್ಟಿಯ ಫಲವದು. ಈ ದೃಷ್ಟಿಯು ಕಾಯಿದೆಯಿಂದ ಹೋಗಿದ್ದರೂ ಕಚೇರಿಗಳ ರೂಢಿಯಿಂದ ಪೂರ್ತಿಯಾಗಿ ಹೋಗಿಲ್ಲವೆಂಬುದಕ್ಕೆ ಕಾರಣವಿಲ್ಲದ ಹಿಂಬರಹಗಳೇ ಪ್ರಮಾಣ.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆಯನ್ನು ಮಾಡಬಯಸುತ್ತೇವೆ. ಶಾಸನಗಳನ್ನು ಹುಡುಕಲು ನಾವು ದೇವಾಲಯಗಳಿಗೂ ಮಠಗಳಿಗೂ ಹೋಗುತ್ತೇವೆ, ಅದು ಯುಕ್ತವೇ. ಅದರ ಜತೆಗೆ ತಾಲೂಕು ಕಚೇರಿಗಳ ಮಾಸಾಶನದ ಕಡತಗಳನ್ನೂ, ಮನೆಗಳಲ್ಲಿ ಮಡಿಚಿಟ್ಟ ಹಿಂಬರಹಗಳನ್ನೂ ಚರಿತ್ರೆಯ ಆಕರಗಳೆಂದು ಪರಿಗಣಿಸಿ, ಸಂಬಂಧಪಟ್ಟವರ ಸಮ್ಮತಿಯಿಂದ ಅಭ್ಯಸಿಸಬೇಕು. ಹಾಗೆ ಓದುವಾಗ ಯಾರಾದರೊಬ್ಬರ ಮೇಲ್ಮನವಿಯ ಅವಧಿಯು ಇನ್ನೂ ಮುಗಿದಿಲ್ಲವೆಂದು ಕಂಡುಬಂದರೆ, ಅಭ್ಯಾಸವನ್ನು ಒಂದು ದಿನ ಬದಿಗಿಟ್ಟು ಆ ಮನವಿಯನ್ನು ಬರೆದುಕೊಡುವುದು ಚರಿತ್ರಕಾರನಿಗೆ ಕುಂದಲ್ಲ. ಸರಕಾರದ ಮಾತು ಪಡೆದವನ ಕೈಯಲ್ಲಿ ಉಳಿಯಬೇಕೆಂಬ ಕ್ರಮವನ್ನು ಬೆಳ್ಮಣ್ಣಿನ ತಾಮ್ರಪಟವು ಹನ್ನೆರಡು ಶತಮಾನಗಳ ಹಿಂದೆಯೇ ಪಾಲಿಸಿದೆ. ಇಂದಿನ ಕಾಗದಕ್ಕೆ ಅಷ್ಟು ಬಾಳಿಕೆ ಇಲ್ಲ. ಅದರಲ್ಲಿ ಬರೆದ ಅವಧಿಯಂತೂ ದಿನಗಳ ಲೆಕ್ಕದ್ದು.